ಮರಕ್ಕೆ ತೂಗಿದ ನೇಗಿಲು

ಮೈಸೂರಿನಿಂದ ಬಂಡೀಪುರದ ಕಾಡಿಗೆ ಹೋಗುವವರು ನಂಜನಗೂಡನ್ನು ದಾಟಿ, ಬೇಗೂರಿನ ಮೇಲೆ ಗುಂಡ್ಲುಪೇಟೆಗೆ ಬಂದು, ಅಲ್ಲಿಂದ ಊಟಿಯ ಹಾದಿ ಹಿಡಿಯುತ್ತಾರೆ. ಕಾಡು ಮೊದಲಾಗುವುದಕ್ಕೆ ಮುನ್ನ ಹಂಗಳವೆಂಬ ಊರು ಸಿಗುತ್ತದೆ. ಹಿಮವದ್ ಗೋಪಾಲಸ್ವಾಮಿ ಬೆಟ್ಟಕ್ಕೆ ಹೋಗುವವರು ಬಲಕ್ಕೆ ತಿರುಗುವುದು ಇಲ್ಲಿಯೇ. ಆನೆಯನ್ನೋ ಹುಲಿಯನ್ನೋ ಕಾಣುವ ಆತುರದಲ್ಲಿರುವವರಿಗೆ ಈ ಊರುಗಳಲ್ಲಿ ನಿಲ್ಲುವಷ್ಟು ಪುರಸತ್ತಿರುವುದಿಲ್ಲ. ಆದರೆ ಮೈಸೂರಿನ ಇತಿಹಾಸದ ಬಹು ಇಕ್ಕಟ್ಟಿನ ಕಥೆಯೊಂದು ಈ ಒಂದು ರಸ್ತೆಯ ಉದ್ದಕ್ಕೂ ಹರಡಿಕೊಂಡಿದೆ. ಅದು ಮೊದಲಾಗುವುದು ಹಂಗಳದಲ್ಲಿ. ಅದರ ಭಯಂಕರವಾದ ಘಟ್ಟ ನಂಜನಗೂಡಿನದು. ಅದರ ನೆನಪು ಉಳಿದುಕೊಂಡದ್ದು ರಸ್ತೆಯಿಂದ ಪೂರ್ವಕ್ಕೆ, ಚಾಮರಾಜನಗರದ ಸೀಮೆಯ ಒಂದು ಜೈನಗಿರಿಯ ಬುಡದಲ್ಲಿ.

ಕಥೆಯ ನಾಯಕರು ಚಿಕ್ಕದೇವರಾಜ ಒಡೆಯರು. ಪಾಠಪುಸ್ತಕಗಳನ್ನು ಓದಿದವರಿಗೆಲ್ಲ ಅವರ ಪರಿಚಯವುಂಟು. ೧೬೮೭ರಲ್ಲಿ ಮೊಗಲರ ಸೇನಾನಿ ಕಾಸಿಂ ಖಾನನಿಂದ ಮೂರು ಲಕ್ಷಕ್ಕೆ ಬೆಂಗಳೂರನ್ನು ಕೊಂಡವರು ಅವರು. ಆಡಳಿತವನ್ನು ಹದಿನೆಂಟು ಇಲಾಖೆಗಳಾಗಿ ವಿಂಗಡಿಸಿ ಅಠಾರಾ ಕಚೇರಿಯನ್ನು ನಿಲ್ಲಿಸಿದವರು, ಅಂಚೆಯನ್ನು ಏರ್ಪಡಿಸಿದವರು, ಕಾವೇರಿಯಿಂದ ನಾಲೆ ತೆಗೆಸಿದವರು, ಬೊಕ್ಕಸವನ್ನು ತುಂಬಿ 'ನವಕೋಟಿನಾರಾಯಣ'ರೆನ್ನಿಸಿಕೊಂಡವರು ಅವರು. ದಿನವೂ ಬೆಳಗ್ಗೆ ಸಾವಿರ ವರಹದ ಎರಡು ಚೀಲಗಳು ಖಜಾನೆಗೆ ಸೇರಿದ ಮೇಲಲ್ಲದೆ ಅವರು ಉಪಾಹಾರವನ್ನು ಮುಟ್ಟುತ್ತಿರಲಿಲ್ಲವೆಂದು ಪ್ರತೀತಿ. ಇದೆಲ್ಲವೂ ದೊಡ್ಡ ಕೆಲಸವೇ. ಅವರ ಕಾಲದಲ್ಲಿ ಮೈಸೂರು ಒಂದು ಪಾಳೆಯಪಟ್ಟಿನ ನಡವಳಿಕೆಯನ್ನು ಬಿಟ್ಟು ರಾಜ್ಯವೆನ್ನಿಸಿಕೊಂಡಿತೆಂಬುದರಲ್ಲಿ ಸಂದೇಹವಿಲ್ಲ. ಇಷ್ಟನ್ನು ಹೇಳಿ ನಿಲ್ಲಿಸಿದರೆ ಯಾರಿಗೂ ತೊಂದರೆಯಿಲ್ಲ. ಮುಂದಿನದನ್ನು ಹೇಳಹೊರಟಾಗಲೇ ತೊಂದರೆ.

ಅವರು ಹುಟ್ಟಿದ್ದು ೧೬೪೫ರಲ್ಲಿ. ತಂದೆಯ ಸೋದರರಾದ ದೇವರಾಜ ಒಡೆಯರು ೧೬೫೯ರಲ್ಲಿ ಪಟ್ಟಕ್ಕೆ ಬಂದರು. ಪಟ್ಟಕ್ಕೆ ಎದುರಾಳಿಯಾಗಬಲ್ಲ ಚುರುಕಿನ ಹುಡುಗನನ್ನು ಶ್ರೀರಂಗಪಟ್ಟಣದಲ್ಲಿ ಇಟ್ಟುಕೊಳ್ಳುವುದು ಕ್ಷೇಮವಲ್ಲ. ಆದುದರಿಂದ ಚಿಕ್ಕದೇವರಾಜರನ್ನು ಹಂಗಳದಲ್ಲಿ ಇರಿಸಲಾಯಿತು. ಅದು ಸೆರೆಮನೆಯಲ್ಲ, ಆದರೆ ಸೆರೆ. ಇತ್ತ ಕಾಡು, ಅತ್ತ ನೀಲಗಿರಿಯ ಸಾಲು. ನಡುವೆ ಕಾವಲಿನಲ್ಲಿ ಒಬ್ಬ ರಾಜಕುಮಾರ. ಅವರ ತಂದೆ ತೀರಿಕೊಂಡದ್ದು ಹತ್ತಿರದ ಗುಂಡ್ಲುಪೇಟೆಯಲ್ಲಿ. ಆಗ ಆ ಊರಿಗೆ ವಿಜಯಪುರವೆಂದು ಹೆಸರು. ಮುಂದೆ ದೊರೆಯಾದ ಮೇಲೆ ಅವರು ತಂದೆಯ ನೆನಪಿಗಾಗಿ ಅಲ್ಲಿ ಪರವಾಸುದೇವರ ದೇವಾಲಯವನ್ನು ಕಟ್ಟಿಸಿ ಅಗ್ರಹಾರವನ್ನು ಬಿಟ್ಟರು.

ಸೆರೆಯಲ್ಲಿದ್ದ ರಾಜಕುಮಾರನಿಗೆ ಒಬ್ಬ ಗೆಳೆಯನಿದ್ದ. ಯಳಂದೂರಿನ ಜೈನ, ವಿಶಾಲಾಕ್ಷ ಪಂಡಿತ. ಚಿಕ್ಕಂದಿನ ಒಡನಾಟ. ನೀನು ದೊರೆಯಾದರೆ ನಾನು ಮಂತ್ರಿ ಎಂದು ಅವರಿಬ್ಬರಲ್ಲಿ ಮಾತಾಗಿತ್ತಂತೆ. ಹಂಗಳದ ದಿನಗಳಲ್ಲಿಯೂ ಪಂಡಿತ ಗುಟ್ಟಾಗಿ ಸಂಪರ್ಕ ಇಟ್ಟುಕೊಂಡಿದ್ದ. ಅಪಾಯದಲ್ಲಿದ್ದವನ ಸ್ನೇಹವನ್ನು ಬಿಡದವನು ಎಂಬಷ್ಟು ಮಟ್ಟಿಗೆ ಅವನನ್ನು ಮೆಚ್ಚಬೇಕು. ೧೬೭೩ರಲ್ಲಿ ಚಿಕ್ಕದೇವರಾಜರಿಗೆ ಪಟ್ಟವಾಯಿತು. ಕೊಟ್ಟ ಮಾತಿನಂತೆ ವಿಶಾಲಾಕ್ಷ ಪಂಡಿತ ಪ್ರಧಾನಿಯಾದ. ಮುಂದಿನ ಹದಿಮೂರು ಹದಿನಾಲ್ಕು ವರ್ಷ ರಾಜ್ಯದ ಚುಕ್ಕಾಣಿ ಇವರಿಬ್ಬರ ಕೈಯಲ್ಲಿತ್ತು.

ಆ ವರ್ಷಗಳೋ ಯುದ್ಧದ ವರ್ಷಗಳು. ಮಧುರೆಯ ಕಡೆಗೆ ದಂಡು, ಇಕ್ಕೇರಿಯ ಕಡೆಗೆ ದಂಡು. ೧೬೮೨ರ ಹೊತ್ತಿಗೆ ಮರಾಠರ ಸಂಭಾಜಿಯೊಡನೆ ಜಗಳ. ದಂಡಿಗೆ ಹಣ ಬೇಕು, ಹಣಕ್ಕೆ ಭೂಮಿಯೊಂದೇ ಮೂಲ. ಆದರೆ ಭೂಮಿಯ ವಿಷಯದಲ್ಲಿ ದೊರೆಯ ಕೈಯನ್ನು ಒಂದು ಹಳೆಯ ಮಾತು ಕಟ್ಟಿಹಾಕಿತ್ತು. ಬೆಳೆಯಲ್ಲಿ ಆರರಲ್ಲೊಂದು ಪಾಲು ದೊರೆಗೆ ಸಲ್ಲತಕ್ಕದ್ದು, ಅದಕ್ಕಿಂತ ಹೆಚ್ಚಿಗೆ ಮುಟ್ಟಿದರೆ ಅಧರ್ಮ ಎಂಬುದು ಶಾಸ್ತ್ರದ ನಿಯಮ. ಧರ್ಮಿಷ್ಠನೆನ್ನಿಸಿಕೊಳ್ಳಬೇಕೆಂಬ ದೊರೆ ಅದನ್ನು ಬಹಿರಂಗವಾಗಿ ಮೀರುವಂತಿಲ್ಲ.

ಇಲ್ಲಿ ಪಂಡಿತನ ಜಾಣ್ಮೆ ಕೆಲಸಮಾಡಿತು. ಆರರಲ್ಲೊಂದು ಎಂಬುದನ್ನು ಮುಟ್ಟಲಿಲ್ಲ. ಅದನ್ನು ಹಾಗೆಯೇ ಇಟ್ಟು ಸುತ್ತಲೂ ಸಣ್ಣ ಸಣ್ಣ ತೆರಿಗೆಗಳ ಬೇಲಿಯನ್ನು ಹಾಕಿದರು. ಹುಲ್ಲಿಗೆ ಹಣ, ನೇಗಿಲಿಗೆ ಹಣ, ಮಗ್ಗಕ್ಕೆ ಕಾಣಿಕೆ, ಮದುವೆಗೆ ತೆರಿಗೆ, ಕುರಿಮಂದೆಗೆ ತೆರಿಗೆ, ಅಂಗಡಿಗೆ ತೆರಿಗೆ - ಹೀಗೆ ಪಟ್ಟಿ ಬೆಳೆಯಿತು. ಒಂದೊಂದಾಗಿ ನೋಡಿದರೆ ಯಾವುದೂ ಬೆನ್ನು ಮುರಿಯುವಂಥದಲ್ಲ. ಎಲ್ಲವನ್ನೂ ಕೂಡಿಸಿದರೆ ಆರರಲ್ಲೊಂದು ಎಂಬ ಮಾತಿಗೆ ಅರ್ಥವೇ ಉಳಿಯುವುದಿಲ್ಲ. ಸೈನಿಕರಲ್ಲಿ ಬಹುಮಂದಿ ತಾವೇ ಒಕ್ಕಲುಮಕ್ಕಳು; ಒಂದು ಕೈಯಿಂದ ಪಡೆದ ಸಂಬಳವನ್ನು ಇನ್ನೊಂದು ಕೈಯಿಂದ ತೆರಿಗೆಯಾಗಿ ಹಿಂದಕ್ಕೆ ಕೊಡಬೇಕಾಯಿತು. ಲೆಕ್ಕದ ಪುಸ್ತಕದಲ್ಲಿ ಧರ್ಮ ಉಳಿದುಕೊಂಡಿತ್ತು. ಕಣದಲ್ಲಿ ರಾಶಿ ಮಾತ್ರ ಉಳಿಯಲಿಲ್ಲ.

ಈ ಸಂಗತಿ ಯಾರಿಗೆ ಗೊತ್ತಿರಲಿಲ್ಲ? ತೆರಿಗೆ ಎತ್ತುವ ಶಾನುಭೋಗನಿಗೆ ಗೊತ್ತು, ಕೊಡುವ ಒಕ್ಕಲಿಗನಿಗೆ ಗೊತ್ತು, ಹೂಡಿದ ಪಂಡಿತನಿಗಂತೂ ಗೊತ್ತೇ ಇತ್ತು. ಎಲ್ಲರಿಗೂ ಗೊತ್ತಿರುವ ಮಾತನ್ನು ಬಾಯಿಬಿಟ್ಟು ಹೇಳುವವನು ಯಾರು ಎಂಬುದೇ ಪ್ರಶ್ನೆ. ಅಂಚೆಯ ಏರ್ಪಾಟನ್ನು ಮೇಲೆ ಹೊಗಳಿದ್ದೇನಷ್ಟೆ. ಅದರ ಇನ್ನೊಂದು ಮುಖವನ್ನೂ ಹೇಳಬೇಕು. ಕಾಗದ ಸಾಗಿಸುವ ಅಂಚೆಯವರೇ ಊರೂರ ಒಳಗಿನ ಸುದ್ದಿಯನ್ನು ಅರಮನೆಗೆ ಮುಟ್ಟಿಸುವ ಗುಪ್ತಚಾರರೂ ಆಗಿದ್ದರು. ಅಂಥ ರಾಜ್ಯದಲ್ಲಿ ಜಗಲಿಯ ಮೇಲಿನ ಮಾತೂ ಮೆಲ್ಲಗಾಗುತ್ತದೆ.

ಒಕ್ಕಲಿಗರು ಮಾತನಾಡಲಿಲ್ಲ. ನೇಗಿಲನ್ನು ಎತ್ತಿ, ಊರಬಾಗಿಲಿನ ಮರಕ್ಕೆ ತಲೆಕೆಳಗಾಗಿ ತೂಗಿಹಾಕಿದರು.

ಈ ಚಿತ್ರವನ್ನು ನಮಗೆ ಉಳಿಸಿಕೊಟ್ಟವನು ಮಾರ್ಕ್ ವಿಲ್ಕ್ಸ್. ಮೈಸೂರಿನಲ್ಲಿ ರೆಸಿಡೆಂಟನಾಗಿ ಕೆಲಸಮಾಡಿ, ೧೮೧೦ರಲ್ಲಿ ದಕ್ಷಿಣ ಭಾರತದ ಇತಿಹಾಸದ ಮೊದಲ ಸಂಪುಟವನ್ನು ಪ್ರಕಟಿಸಿದ ಇಂಗ್ಲಿಷ್ ಅಧಿಕಾರಿ. ಊರಿನವರೆಲ್ಲ ಸಂಜೆ ಕೂಡುವ ಮರ, ಹರಟೆಯ ಮರ, ನ್ಯಾಯ ಹೇಳುವ ಮರ; ಅದರ ಕೊಂಬೆಗೆ ತಲೆಕೆಳಗಾದ ನೇಗಿಲು. ಇನ್ನು ಉಳುವುದಿಲ್ಲ ಎಂದು ಅದರ ಅರ್ಥ. ಜನ ಹೊಲವನ್ನು ಬೀಳುಬಿಟ್ಟು, ಊರು ತೊರೆದು, ಗುಂಪುಗುಂಪಾಗಿ ಸೇರತೊಡಗಿದರು. ನನಗೆ ಇದರಲ್ಲಿ ತೋರುವ ವಿವೇಕವೇನೆಂದರೆ, ಅರ್ಜಿಯ ಕೆಳಗೆ ಒಬ್ಬನ ರುಜು ಬೇಕು, ಸಭೆಯಲ್ಲಿ ಮಾತಿಗೆ ಒಬ್ಬನ ಬಾಯಿ ಬೇಕು. ನೇಗಿಲಿಗೆ ಯಾರ ಹೆಸರೂ ಇಲ್ಲ. ಯಾರು ತೂಗಿದರು ಎಂದು ಕೇಳಿದರೆ ಊರು ತೂಗಿತು ಎನ್ನಬೇಕು. ಸತ್ಯ ಹೇಳುವವನಿಗೆ ಬರುವ ಕೇಡನ್ನು ಬಲ್ಲ ಜನ ಕಂಡುಕೊಂಡ ಉಪಾಯ ಅದು.

ಆದರೂ ಊರಿಂದೂರಿಗೆ ಸುದ್ದಿ ಒಯ್ಯಲು ಬಾಯಿ ಬೇಕೇ ಬೇಕು. ಆ ಬಾಯಿ ಜಂಗಮರದು. ಜಂಗಮನೆಂದರೆ ಒಂದೆಡೆ ನಿಲ್ಲದವನು. ಮನೆಮನೆಯ ಭಿಕ್ಷೆ ಬೇಡುವವನಿಗೆ ಯಾವ ಮನೆಯ ಒಲೆ ಹೊತ್ತಿಲ್ಲ ಎಂಬುದು ಶಾನುಭೋಗನಿಗಿಂತ ಚೆನ್ನಾಗಿ ಗೊತ್ತು. ಜಪ್ತಿಮಾಡಲು ಅವನಿಗೆ ಹೊಲವಿಲ್ಲ, ತೆರಿಗೆ ಹಾಕಲು ಮಗ್ಗವಿಲ್ಲ. ಅವನ ಕಾವಿಗೆ ಹಳ್ಳಿಯಲ್ಲಿ ಗೌರವವಿತ್ತು. ಒಕ್ಕಲಿಗ ಹೇಳಲಾರದ್ದನ್ನು ಜಂಗಮ ಹೇಳಿದ. ಅವನು ಹೇಳಿದ್ದರಲ್ಲಿ ಮತದ ವೈರವೂ ಬೆರೆತಿತ್ತೆಂಬುದನ್ನು ಮುಚ್ಚಿಡಬೇಕಾಗಿಲ್ಲ. ಪ್ರಧಾನಿ ಜೈನ, ದೊರೆಯನ್ನು ಅವನು ತನ್ನ ಮತಕ್ಕೆ ಒಲಿಸಿಕೊಳ್ಳುತ್ತಿದ್ದಾನೆಂಬ ಗುಮಾನಿ ಊರಲ್ಲೆಲ್ಲ ಇತ್ತು. ಆದರೆ ಹೇಳುವವನ ಮನಸ್ಸಿನಲ್ಲಿ ದ್ವೇಷವಿದ್ದ ಮಾತ್ರಕ್ಕೆ ಹುಲ್ಲಿನ ಮೇಲಿನ ತೆರಿಗೆ ಸುಳ್ಳಾಗುವುದಿಲ್ಲ.

ಮುಂದೆ ನಡೆದುದನ್ನು ವಿಲ್ಕ್ಸ್ ಹೀಗೆ ಬರೆದಿದ್ದಾನೆ. ಜಂಗಮರ ಹಿರಿಯರಿಗೆಲ್ಲ ನಂಜನಗೂಡಿಗೆ ದೊರೆಯ ಆಹ್ವಾನ ಹೋಯಿತು. ನಂಜುಂಡೇಶ್ವರನ ಸನ್ನಿಧಿ, ಶೈವರಿಗೆ ಅದಕ್ಕಿಂತ ನೆಮ್ಮದಿಯ ಎಡೆ ಯಾವುದು? ದೊರೆ ಡೇರೆಯಲ್ಲಿ ಕುಳಿತು ಒಬ್ಬೊಬ್ಬರನ್ನೇ ಬರಮಾಡಿಕೊಂಡರು. ಬಂದವರು ವಂದನೆಯನ್ನು ಒಪ್ಪಿಸಿ, ಆಚೆಯ ಬಿಡಾರದಲ್ಲಿ ಏರ್ಪಾಟಾಗಿದೆ ಎನ್ನಲಾದ ಆದರಾತಿಥ್ಯಕ್ಕೆ ನಡೆಯಬೇಕು. ಡೇರೆಯ ಬಟ್ಟೆಗೋಡೆಗಳ ಒಂದು ಅಂಕಣದಿಂದ ಇನ್ನೊಂದಕ್ಕೆ ದಾರಿ. ಆ ದಾರಿಯ ಕೊನೆಯಲ್ಲಿ ಊಟವಿರಲಿಲ್ಲ. ಕತ್ತಿ ಹಿಡಿದ ಕೊಲೆಗಡುಕರಿದ್ದರು, ಮೊದಲೇ ತೋಡಿಟ್ಟ ಗುಂಡಿಯಿತ್ತು. ನಾನೂರಕ್ಕೂ ಹೆಚ್ಚು ಮಂದಿ ಹೀಗೆ ಹೋದರು. ಹಿಂದಿನವನಿಗೆ ಮುಂದಿನವನ ಗತಿ ತಿಳಿಯದು. ಅದೇ ದಿನ ಎಲ್ಲ ಕಡೆಗೂ ಆಜ್ಞೆ ಹೊರಟು, ಏಳುನೂರಕ್ಕೂ ಮಿಕ್ಕಿ ಮಠಗಳು ನೆಲಸಮವಾದುವು. ಕುದುರೆ ದಂಡು ಮರುಮಾತಿಲ್ಲದೆ ಜನರ ಗುಂಪುಗಳ ಮೇಲೆ ನುಗ್ಗಿತು. ಕಾವಿ ಉಟ್ಟವನ ತಲೆ ಉಳಿಯಲಿಲ್ಲ. ತೆರಿಗೆ ಸಂದಾಯವಾಯಿತು.

ಇಷ್ಟರಲ್ಲೇ ಮುಗಿಯಲಿಲ್ಲ. ಪ್ರತಿ ಹಳ್ಳಿಯಿಂದಲೂ ಒಂದು ಮುಚ್ಚಳಿಕೆಯನ್ನು ಬರೆಯಿಸಿಕೊಂಡರಂತೆ: ಭೂಮಿ ನಮ್ಮದಲ್ಲ, ಸರ್ಕಾರದ್ದು, ಇದನ್ನು ನಾವೇ ಮನಃಪೂರ್ವಕವಾಗಿ ಒಪ್ಪಿದ್ದೇವೆ ಎಂದು. ಅಂಥ ಕಾಗದಗಳು ಇದ್ದಿದ್ದರೂ ಆಮೇಲೆ ನಾಶವಾಗಿರಬೇಕೆಂದು ವಿಲ್ಕ್ಸನೇ ಸೇರಿಸುತ್ತಾನೆ. ಇದ್ದುವೋ ಇಲ್ಲವೋ, ಕೊಲೆಗಿಂತಲೂ ಈ ಸಂಗತಿಯೇ ನನ್ನನ್ನು ಹೆಚ್ಚು ಕಾಡುತ್ತದೆ. ನಿಜವನ್ನು ಹೇಳಿದವನ ಬಾಯಿ ಮುಚ್ಚಿಸುವುದು ಒಂದು. ಉಳಿದವರ ಕೈಯಲ್ಲಿ, ಅವರದೇ ಅಕ್ಷರದಲ್ಲಿ, ಅದಕ್ಕೆ ವಿರುದ್ಧವಾದುದನ್ನು ಬರೆಯಿಸಿ 'ಮನಃಪೂರ್ವಕ' ಎಂದು ಸೇರಿಸುವುದು ಇನ್ನೊಂದು. ಅಜ್ಜ ಉತ್ತ ಹೊಲ ತನ್ನದಲ್ಲವೆಂದು ಬರೆದುಕೊಟ್ಟ ಗೌಡ ಆ ರಾತ್ರಿ ಮನೆಯಲ್ಲಿ ಮಕ್ಕಳಿಗೆ ಏನು ಹೇಳಿದನೋ.

ವಿಶಾಲಾಕ್ಷ ಪಂಡಿತನಿಗೂ ಒಳ್ಳೆಯ ಸಾವು ಬರಲಿಲ್ಲ. ೧೬೮೬ರಲ್ಲಿ ಒಂದು ರಾತ್ರಿ ಅರಮನೆಯಿಂದ ಮನೆಗೆ ಹಿಂದಿರುಗುತ್ತಿದ್ದಾಗ ಅವನನ್ನು ಇರಿದು ಕೊಂದರು. ಜನ ತಮ್ಮ ಕಷ್ಟಕ್ಕೆಲ್ಲ ಅವನೇ ಕಾರಣನೆಂದು ನಂಬಿದ್ದರು. ದೊರೆಯ ಮೇಲಿನ ಸಿಟ್ಟು ಮಂತ್ರಿಯ ಮೇಲೆ ತೀರಿತು. ಸಾಯುವ ಮುನ್ನ ಅವನು ತನ್ನ ಸ್ಥಾನಕ್ಕೆ ತನ್ನ ಮತದವನನ್ನು ಸೂಚಿಸದೆ, ಶ್ರೀವೈಷ್ಣವನಾದ ತಿರುಮಲಾರ್ಯನ ಹೆಸರನ್ನು ಹೇಳಿದನಂತೆ. ಯೋಗ್ಯನು ಯಾರೆಂದು ಕೇಳಿದಾಗ ಯೋಗ್ಯನ ಹೆಸರನ್ನೇ ಹೇಳಿದ. ಅವನನ್ನು ಬರಿಯ ದುಷ್ಟಮಂತ್ರಿಯೆಂದು ಚಿತ್ರಿಸುವವರು ಈ ಒಂದು ಮಾತನ್ನು ಬಿಟ್ಟುಬಿಡುವುದು ನ್ಯಾಯವಲ್ಲ.

ಇನ್ನು ಆ ಕಾಲದ ಸಾಹಿತ್ಯಕ್ಕೆ ಬರೋಣ. ಚಿಕ್ಕದೇವರಾಜರ ಆಸ್ಥಾನವೆಂದರೆ ಕನ್ನಡ ಸಾಹಿತ್ಯದ ಒಂದು ಸುಗ್ಗಿ. ತಿರುಮಲಾರ್ಯ ದೊರೆಯ ವಂಶವನ್ನೂ ವಿಜಯವನ್ನೂ ಬಗೆಬಗೆಯಾಗಿ ಬರೆದ. ಅವನ ತಮ್ಮ ಸಿಂಗರಾರ್ಯನಿಂದ ಕನ್ನಡಕ್ಕೆ 'ಮಿತ್ರವಿಂದಾ ಗೋವಿಂದ'ವೆಂಬ ನಾಟಕ ಬಂತು. ಚಿಕುಪಾಧ್ಯಾಯ ರಾಶಿರಾಶಿಯಾಗಿ ಬರೆದ. ದೊರೆಯ ಹೆಸರಿನಲ್ಲಿಯೇ 'ಚಿಕ್ಕದೇವರಾಜ ಬಿನ್ನಪ'ವೆಂಬ ಗ್ರಂಥವಿದೆ. ಅದರಲ್ಲಿ ದೊರೆ ಯದುಗಿರಿಯ ನಾರಾಯಣನ ಮುಂದೆ ಕೈಮುಗಿದು ಬಿನ್ನಹಗಳನ್ನು ಒಪ್ಪಿಸುತ್ತಾರೆ. ದೊರೆ ದೇವರಿಗೆ ಮಾಡಿಕೊಂಡ ಬಿನ್ನಹ ಓಲೆಗೇರಿ ಉಳಿಯಿತು. ಒಕ್ಕಲಿಗ ದೊರೆಗೆ ಮಾಡಿಕೊಂಡ ಬಿನ್ನಹ ಮರದ ಕೊಂಬೆಯಲ್ಲೇ ಉಳಿಯಿತು. ಈ ಕವಿಗಳೆಲ್ಲ ಪಂಡಿತರು, ಸಹೃದಯರು. ಆದರೆ ಅವರು ಕಟ್ಟಿದ ಇಷ್ಟು ದೊಡ್ಡ ಗ್ರಂಥರಾಶಿಯಲ್ಲಿ ನಂಜನಗೂಡಿಗೆ ಹೋದವರ ಪರವಾಗಿ ಒಂದು ನಿಟ್ಟುಸಿರೂ ಇಲ್ಲ.

ಅವರನ್ನು ಬಯ್ಯುವುದು ಸುಲಭ. ಆರನೆಯ ಶತಮಾನದಲ್ಲಿ ಕಾನ್‌ಸ್ಟಾಂಟಿನೋಪಲಿನ ಪ್ರೊಕೋಪಿಯಸ್ ಎಂಬವನು ಜಸ್ಟೀನಿಯನ್ ಚಕ್ರವರ್ತಿಯ ಯುದ್ಧಗಳನ್ನೂ ಕಟ್ಟಡಗಳನ್ನೂ ಬಹಿರಂಗವಾಗಿ ವರ್ಣಿಸಿ, ಅದೇ ಚಕ್ರವರ್ತಿಯ ಅನ್ಯಾಯಗಳನ್ನೆಲ್ಲ ಬೇರೊಂದು ಪುಸ್ತಕದಲ್ಲಿ ಗುಟ್ಟಾಗಿ ಬರೆದಿಟ್ಟ. ಅದು ಸಾವಿರ ವರ್ಷ ಕಳೆದು ಅಚ್ಚಾಯಿತು. ನಮ್ಮ ಆಸ್ಥಾನಕವಿಗಳ ಪೆಟ್ಟಿಗೆಯ ತಳದಲ್ಲಿ ಅಂಥ ಎರಡನೆಯ ಪುಸ್ತಕ ಸಿಕ್ಕಿಲ್ಲ.

ಒಬ್ಬಳನ್ನು ಮಾತ್ರ ಇಲ್ಲಿ ಬೇರೆಯಾಗಿ ನೆನೆಯಬೇಕು: ಸಂಚಿಯ ಹೊನ್ನಮ್ಮ. ಅವಳೂ ಯಳಂದೂರಿನ ಕಡೆಯವಳೇ; ಪಟ್ಟದರಾಣಿ ದೇವಾಜಮ್ಮಣ್ಣಿಯವರಿಗೆ ಎಲೆಯಡಿಕೆಯ ಸಂಚಿ ಹಿಡಿಯುತ್ತಿದ್ದ ಊಳಿಗದ ಹೆಂಗಸು. ಹೆಣ್ಣು ಹುಟ್ಟಿತೆಂದು ಮೂಗುಮುರಿಯುವವರನ್ನು ಅವಳು 'ಹದಿಬದೆಯ ಧರ್ಮ'ದಲ್ಲಿ ನೇರವಾಗಿ ತರಾಟೆಗೆ ತೆಗೆದುಕೊಂಡಳು. ಅಂದಿನ ಸಮಾಜಕ್ಕೆ ಅದು ರುಚಿಸುವ ಮಾತಲ್ಲ. ಆದರೂ ಅವಳಿಗೆ ಶಿಕ್ಷೆಯಾಗಲಿಲ್ಲ, ಮನ್ನಣೆಯೇ ಆಯಿತು. ಏಕೆಂದರೆ ಆ ಮಾತು ಪತಿವ್ರತಾಧರ್ಮದ ಗ್ರಂಥದೊಳಗೆ, ಎಲ್ಲರೂ ಒಪ್ಪುವ ಉಪದೇಶಗಳ ನಡುವೆ, ಸೆರಗು ಹೊದ್ದು ಕುಳಿತಿತ್ತು. ಯಾವ ಆಸ್ಥಾನದಲ್ಲಿ ಎಷ್ಟು ಹೇಳಬಹುದು, ಹೇಗೆ ಹೇಳಬಹುದು ಎಂಬುದನ್ನು ಆ ಊಳಿಗದವಳು ಪಂಡಿತರಿಗಿಂತ ಚೆನ್ನಾಗಿ ಅರಿತಿದ್ದಳೆಂದು ತೋರುತ್ತದೆ. ಆದರೆ ತೆರಿಗೆಯ ಮಾತಿಗೆ ಹೊದಿಸಲು ಅಂಥ ಸೆರಗು ಯಾವುದಿತ್ತು?

ಈಗ ಓದುಗರು ಕೇಳಬಹುದು: ಈ ನಂಜನಗೂಡಿನ ಕಥೆ ನಿಜವೇ? ಕೇಳಬೇಕಾದ ಪ್ರಶ್ನೆಯೇ. ೧೯೪೩ರಲ್ಲಿ ಮೈಸೂರಿನ ಇತಿಹಾಸದ ಮೊದಲ ಸಂಪುಟವನ್ನು ತಂದ ಸಿ. ಹಯವದನರಾಯರು ಇದನ್ನು ಸಂದೇಹದಿಂದ ನೋಡಿದರು. ಸಮಕಾಲೀನವಾದ ಆಧಾರವಿಲ್ಲ, ವಿಲ್ಕ್ಸ್ ಬರೆದದ್ದು ನೂರಿಪ್ಪತ್ತು ವರ್ಷಗಳಿಗೂ ಮೇಲೆ ಎಂಬ ಆಕ್ಷೇಪಣೆಯನ್ನು ತಳ್ಳಿಹಾಕುವಂತಿಲ್ಲ. ರಾಯರ ಪರಿಶ್ರಮಕ್ಕೆ ನಾವೆಲ್ಲ ಋಣಿಗಳು. ಆದರೆ ದಂಗೆಯೇ ಕಟ್ಟುಕಥೆಯಲ್ಲ. ಮೈಸೂರಿನ ಪ್ರಜೆಗಳು ದೊರೆಯ ಸುಲಿಗೆಯನ್ನು ತಾಳಲಾರದೆ ತಿರುಗಿಬಿದ್ದರೆಂದು ೧೬೮೬ರಲ್ಲಿಯೇ ಯೇಸುಸಭೆಯ ಪಾದ್ರಿಗಳು ಮಧುರೆಯ ಸೀಮೆಯಿಂದ ಬರೆದ ಕಾಗದದಲ್ಲಿ ಪ್ರಸ್ತಾಪವಿದೆ. ನಾನೂರು ಎಂಬ ಸಂಖ್ಯೆ, ಡೇರೆಯ ಅಂಕಣಗಳು, ಗುಂಡಿ ಇವೆಲ್ಲ ಬಾಯಿಂದ ಬಾಯಿಗೆ ಬರುತ್ತ ಬೆಳೆದಿರಬಹುದು. ಬೆಂಕಿಯಿಲ್ಲದೆ ಎದ್ದ ಹೊಗೆಯೆಂದು ಮಾತ್ರ ನನಗೆ ತೋರುವುದಿಲ್ಲ. ಸಮಕಾಲೀನ ಆಧಾರವಿಲ್ಲವೆನ್ನುವಾಗ, ಆಧಾರವನ್ನು ಬರೆದಿಡಬಲ್ಲವರು ಯಾರಿದ್ದರು, ಅವರ ಸಂಬಳ ಎಲ್ಲಿಂದ ಬರುತ್ತಿತ್ತು ಎಂಬುದನ್ನೂ ಜೊತೆಗೇ ಕೇಳಬೇಕಲ್ಲವೆ? ಬರೆಯಬೇಕಾಗಿದ್ದವರು ಅಂದು ಸುಮ್ಮನಿದ್ದುದರಿಂದಲೇ ಇಂದು ಆಧಾರವಿಲ್ಲ. ಆಧಾರವಿಲ್ಲದ್ದರಿಂದ ನಡೆದೇ ಇಲ್ಲವೆಂಬ ವಾದಕ್ಕೆ ಬಲ. ಮೌನಕ್ಕೆ ಹೀಗೆ ಎರಡು ಸಲ ಕೂಲಿ ಸಿಕ್ಕಿದಂತಾಗುತ್ತದೆ.

ಇನ್ನೊಂದು ಸಂಗತಿಯನ್ನು ಹೇಳದೆ ವಿಧಿಯಿಲ್ಲ. ಈ ವಿಷಯವನ್ನು ನಮ್ಮಲ್ಲಿ ಯಾರಾದರೂ ಎತ್ತಿದರೆ, ಅವನ ಆಧಾರವೇನೆಂದು ಕೇಳುವವರಿಗಿಂತ ಅವನು ಯಾರ ಪೈಕಿಯೆಂದು ಕೇಳುವವರೇ ಹೆಚ್ಚು. ವೀರಶೈವನು ಹೇಳಿದರೆ ಮತಾಭಿಮಾನ, ಜೈನನು ಹೇಳಿದರೆ ತನ್ನವನನ್ನು ಉಳಿಸಿಕೊಳ್ಳುವ ಹಟ, ಬ್ರಾಹ್ಮಣನು ಸಂದೇಹಪಟ್ಟರೆ ಅರಮನೆಯ ಋಣ, ಇಂಗ್ಲಿಷಿನವನು ಬರೆದರೆ ನಮ್ಮ ದೊರೆಗಳನ್ನು ಹಳಿಯುವ ತಂತ್ರ. ಪ್ರತಿಯೊಂದರಲ್ಲಿಯೂ ಒಂದಿಷ್ಟು ಹುರುಳಿರಬಹುದು. ಆದರೆ ಈ ಲೆಕ್ಕಾಚಾರ ಮುಗಿಯುವಷ್ಟರಲ್ಲಿ ನೇಗಿಲು ತೂಗಿದ ಒಕ್ಕಲಿಗನನ್ನು ಎಲ್ಲರೂ ಮರೆತಿರುತ್ತಾರೆ. ಅವನ ಜಾತಿ ಯಾವುದೆಂದು ಯಾರೂ ಕೇಳುವುದಿಲ್ಲ, ಹೆಸರಂತೂ ಇಲ್ಲವೇ ಇಲ್ಲ.

ಕೊನೆಯದಾಗಿ ಆ ಜೈನಗಿರಿಯ ಮಾತು. ಚಾಮರಾಜನಗರ ತಾಲ್ಲೂಕಿನ ಮಲೆಯೂರಿನ ಬೆಟ್ಟಕ್ಕೆ ಕನಕಗಿರಿಯೆಂದು ಹೆಸರು. ಜೈನರಿಗೆ ಪವಿತ್ರವಾದ ತಾಣ. ಅಲ್ಲಿ ೧೭೭೦ರಲ್ಲಿ ಹುಟ್ಟಿದವನು ದೇವಚಂದ್ರ. ಕರ್ನಲ್ ಮೆಕೆಂಜಿ ಮೈಸೂರಿನ ಸರ್ವೆಯ ಸಮಯದಲ್ಲಿ ಹಳೆಯ ಕಥೆಗಳನ್ನೂ ಶಾಸನಗಳನ್ನೂ ಕೂಡಿಹಾಕುತ್ತಿದ್ದಾಗ ಅವನಿಗೆ ನೆರವಾದವರಲ್ಲಿ ಇವನೊಬ್ಬ. ತಾನು ಕೇಳಿದ್ದನ್ನು, ಓದಿದ್ದನ್ನು, ನಂಬಿದ್ದನ್ನು ಎಲ್ಲವನ್ನೂ ಕಲಸಿ ಮುದಿವಯಸ್ಸಿನಲ್ಲಿ 'ರಾಜಾವಳಿ ಕಥೆ'ಯೆಂಬ ದೊಡ್ಡ ಗದ್ಯಗ್ರಂಥವನ್ನು ಬರೆದ. ಇತಿಹಾಸವೆಂದು ಅದನ್ನು ಕಣ್ಣುಮುಚ್ಚಿ ನಂಬುವಂತಿಲ್ಲ. ಪುರಾಣ, ಐತಿಹ್ಯ, ಜಾತಿಕಥೆ ಎಲ್ಲ ಅದರಲ್ಲಿ ಬೆರೆತಿವೆ. ಜೈನಪಕ್ಷಪಾತವೂ ಧಾರಾಳವಾಗಿದೆ. ಆದರೂ ಚಿಕ್ಕದೇವರಾಜರ ಕಾಲಕ್ಕೆ ಬಂದಾಗ ಅವನು ತೆರಿಗೆಯನ್ನೂ ಜಂಗಮರ ದಂಗೆಯನ್ನೂ ಅವರ ಕೊಲೆಯನ್ನೂ ಬಿಡಲಿಲ್ಲ. ವಿವರಗಳು ವಿಲ್ಕ್ಸನ ಬರವಣಿಗೆಗೆ ಎಲ್ಲೆಡೆಯೂ ಹೊಂದುವುದಿಲ್ಲ. ಆ ಹೊಂದದಿರುವಿಕೆಯೇ ಅವನು ವಿಲ್ಕ್ಸನನ್ನು ನೋಡಿ ಬರೆಯಲಿಲ್ಲವೆಂಬುದಕ್ಕೆ ಸಾಕ್ಷಿಯೆನ್ನಬಹುದು.

ಅವನು ಅದನ್ನು ಬರೆದ ಹೊತ್ತನ್ನು ಗಮನಿಸಬೇಕು. ೧೮೩೦ರಲ್ಲಿ ನಗರದ ಸೀಮೆಯ ರೈತರು ತೆರಿಗೆಯ ಹಿಂಸೆಯನ್ನು ತಾಳದೆ ಕೂಟ ಕಟ್ಟಿ ಎದ್ದಿದ್ದರು. ಆ ದಂಗೆಯನ್ನು ನೆವಮಾಡಿಕೊಂಡು ೧೮೩೧ರಲ್ಲಿ ಇಂಗ್ಲಿಷರು ಮುಮ್ಮಡಿ ಕೃಷ್ಣರಾಜ ಒಡೆಯರ ಕೈಯಿಂದ ಆಡಳಿತವನ್ನು ಕಿತ್ತುಕೊಂಡರು. ಮೈಸೂರಿನ ಅರಮನೆಯಲ್ಲಿ ತೆರಿಗೆ, ದಂಗೆ ಎಂಬ ಮಾತುಗಳಿಗಿಂತ ಕಹಿಯಾದ ಮಾತು ಆಗ ಇನ್ನೊಂದಿರಲಾರದು. ದೇವಚಂದ್ರನ ಗ್ರಂಥ ಮುಗಿದದ್ದು ಅದಾದ ಹತ್ತು ವರ್ಷದ ಆಸುಪಾಸಿನಲ್ಲಿ. ಅದನ್ನು ಬರೆಯೆಂದು ಪ್ರೇರಿಸಿದವರು ಬೇರೆ ಯಾರೂ ಅಲ್ಲ, ಚಿಕ್ಕದೇವರಾಜರದೇ ಮನೆತನದ ಅರಮನೆಯ ದೇವೀರಮ್ಮಣ್ಣಿಯವರು. ಮುದುಕ ಬರೆದು ಮುಗಿಸಿ, ಯಾವ ಪುಟವನ್ನೂ ಕೀಳದೆ, ಅವರಿಗೆ ಒಪ್ಪಿಸಿದ.